ಬುಟ್ಟಿಯ ತಳದ ಗಂಟು

ಹ್ಯಾಲೆಟ್ ಬಂದರು, ಮೇನ್ ಪ್ರಾಂತ
೮ ಡಿಸೆಂಬರ್ ೧೮೧೯

ಪ್ರೀತಿಯ ತಮ್ಮ ಅಸಾಹೆಲನಿಗೆ,

ನೀನು ಊರು ಬಿಟ್ಟು ಮೂರು ವಾರವಾಯಿತು. ರಾಷ್ಟ್ರದ ಸಭೆಯಲ್ಲಿ ಕೂತ ಮೇಲೆ ಅಕ್ಕನಿಗೆ ನಾಲ್ಕು ಸಾಲು ಬರೆಯುವುದಕ್ಕೂ ಮಸೂದೆ ಮಂಡಿಸಿ ಒಪ್ಪಿಗೆ ಪಡೆಯಬೇಕೇನು? ಕಾದು ಸಾಕಾಗಿ ನಾನೇ ಮೊದಲು ಬರೆಯುತ್ತಿದ್ದೇನೆ.

ಸೋಮವಾರ ಊರ ಸಭೆ ಸೇರಿತ್ತು. ಹೆಂಗಸರಿಗೆ ಅಲ್ಲಿ ಬಾಯಿಲ್ಲ, ಆದರೆ ಹಿಂದಿನ ಬೆಂಚಿನಲ್ಲಿ ಕೂತು ಕಾಲುಚೀಲ ಹೆಣೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಿನಗೆ ಕಳಿಸುವ ನಿರ್ದೇಶವನ್ನು ಓದಿದರು. ಮೇನ್ ಮ್ಯಾಸಚೂಸೆಟ್ಸಿನಿಂದ ಬೇರೆಯಾಗಿ ತನ್ನದೇ ರಾಜ್ಯವಾಗಬೇಕು; ಆದರೆ ಅದಕ್ಕೆ ಬದಲಾಗಿ ಮಿಸೌರಿಯಲ್ಲಿ ಗುಲಾಮರನ್ನು ಇಟ್ಟುಕೊಳ್ಳಲು ಬಿಡಿ ಎಂದರೆ ನಮ್ಮ ಪ್ರತಿನಿಧಿ ಒಪ್ಪಕೂಡದು. ಚರ್ಚಿನ ಹಿರಿಯ ಡೀಕನ್ ಕ್ರಾಕೆಟ್ ಎದ್ದು ನಿಂತ. "ಮಾರ್ಚ್ ನಾಕರೊಳಗೆ ರಾಷ್ಟ್ರದ ಸಭೆ ಒಪ್ಲಿಲ್ಲ ಅಂದ್ರೆ ಮತ್ತೆ ಬಾಸ್ಟನ್ನೋರ ಕಾಲ್ ಕೆಳಗೇ ಬೀಳ್ತೀವಿ. ನಾವು ದಕ್ಷಿಣದ ಕಬ್ಬಿನ ದ್ವೀಪಗಳಿಗೆ ಕಳಿಸೋ ಒಣಮೀನು ಯಾರು ತಿಂತಾರೆ? ಗುಲಾಮರೇ ತಾನೆ? ಅದರ ಮುಳ್ಳು ಇಷ್ಟು ವರ್ಷ ಯಾರ ಗಂಟಲಿಗೂ ಚುಚ್ಚಲಿಲ್ಲವಲ್ಲ," ಅಂದ. ನನ್ನ ಗಂಡ ಸಾಯುವ ತನಕ ಅದೇ ಮೀನು ಸಾಗಿಸಿದವನು, ನಾನು ತಲೆ ತಗ್ಗಿಸಿ ಕಾಲುಚೀಲ ನೋಡಿಕೊಂಡೆ. ಆದರೂ ಕೊನೆಗೆ ಕೈ ಎತ್ತಿದವರೇ ಹೆಚ್ಚಾಗಿ ನಿರ್ದೇಶ ಪಾಸಾಯಿತು. ಇವತ್ತಿನ ಅಂಚೆಯಲ್ಲಿ ಅದೂ ಬರುತ್ತದೆ.

ಕೊಲ್ಲಿ ಹೆಪ್ಪುಗಟ್ಟುವ ಮುಂಚೆ ಕ್ಯಾಪ್ಟನ್ ಪೆಟೆಂಗಿಲ್‌ನ ಹಡಗು ನಿನ್ನ ವಾಷಿಂಗ್ಟನ್ ಪಕ್ಕದ ಅಲೆಕ್ಸಾಂಡ್ರಿಯಾ ಬಂದರಿಗೆ ಹೊರಟಿದೆ. ಅದರಲ್ಲಿ ನಿನಗೆ ಕಾಲುಚೀಲ, ಒಣಗಿಸಿದ ಸೇಬು, ಒಂದು ಬುಟ್ಟಿ ಕಳಿಸಿದ್ದೇನೆ. ಬುಟ್ಟಿ ತಾಮಾರಳ ಕೈಕೆಲಸ. ನೀನು ಬಂದಾಗಲೆಲ್ಲ ಅವಳು ಸುಟ್ಟ ರೊಟ್ಟಿ ತಿಂದು ಅವಳ ಹೆಸರು ಮರೆತು ಹೋಗುತ್ತೀಯ, ಅದಕ್ಕೇ ಮತ್ತೆ ಹೇಳುತ್ತೇನೆ: ನನ್ನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮೂರು ವರ್ಷದಿಂದ ಇರುವ ಕರಿಯ ಹೆಂಗಸು. ಬಾಸ್ಟನ್ನಿನಲ್ಲಿ ಹುಟ್ಟಿದವಳಂತೆ, ಸ್ವತಂತ್ರಳು. ಗಂಡ ಜೇರೆಡ್ ಹಡಗಿನ ಮೇಲೆ, ದ್ವೀಪಗಳಿಂದ ಏಪ್ರಿಲ್‌ನಲ್ಲಿ ಬರುತ್ತಾನೆ. ಮಗಳು ಮಿಲ್ಕಾ ಹುಟ್ಟಿದ್ದು ಈ ಮನೆಯಲ್ಲೇ, ನನ್ನ ಕೈಯಲ್ಲೇ.

ಜೌಗಿನಲ್ಲಿ ಬೆಳೆಯುವ ಹುಲ್ಲನ್ನು ಕೊಯ್ದು ಒಣಗಿಸಿ, ಹಗ್ಗದ ಹಾಗೆ ಸುರುಳಿ ಸುತ್ತಿ, ಮುರಿದ ಚಮಚದ ಹಿಡಿಯಿಂದ ತೂತು ಮಾಡಿ ಹೊಲಿಯುತ್ತಾಳೆ. ನೀರು ಹಾಕಿದರೂ ಸೋರುವುದಿಲ್ಲ. ಊರಿನ ಹನ್ನೊಂದು ಮನೆಗಳಲ್ಲಿ ಈಗ ಅವಳ ಬುಟ್ಟಿಗಳೇ. ನಿನ್ನ ಊಟದ ಮೇಜಿನ ಮೇಲೆ ಇಟ್ಟುಕೋ, ದಕ್ಷಿಣದ ದೊಡ್ಡ ಮನುಷ್ಯರು ನೋಡಲಿ.

ನಿನ್ನ ಅಕ್ಕ,
ಪರ್ಸಿಸ್


ವಾಷಿಂಗ್ಟನ್
೬ ಜನವರಿ ೧೮೨೦

ಅಕ್ಕನಿಗೆ ಅಸಾಹೆಲನ ನಮಸ್ಕಾರ.

ಬುಟ್ಟಿ ಬಂತು, ಸೇಬಿನಲ್ಲಿ ಅರ್ಧ ಪೆಟೆಂಗಿಲ್‌ನ ಹಡಗಿನವರೇ ಮುಗಿಸಿದಂತೆ ಕಾಣುತ್ತದೆ. ಬೈಯಬೇಡ, ಇಲ್ಲಿ ಬರೆಯುವುದಕ್ಕೆ ಒಂದು ಮೂಲೆಯೂ ಸಿಗುವುದಿಲ್ಲ. ಒಂದೇ ಬಾಡಿಗೆ ಮನೆಯಲ್ಲಿ ನಾವು ಎಂಟು ಜನ ಸದಸ್ಯರು. ಉತ್ತರದವರು ಒಂದು ಮನೆ, ದಕ್ಷಿಣದವರು ಇನ್ನೊಂದು ಮನೆ ಹಿಡಿಯುವುದು ಇಲ್ಲಿನ ರೂಢಿ. ನಾನು ತಡವಾಗಿ ಬಂದದ್ದರಿಂದ ಸಿಕ್ಕಿದಲ್ಲಿ ಸೇರಿದೆ, ಐದು ಜನ ದಕ್ಷಿಣದವರ ನಡುವೆ.

ಊರಿನಲ್ಲಿ ಅವರನ್ನು ರಾಕ್ಷಸರೆಂದು ಎಣಿಸಿದ್ದೆ. ಹಾಗಲ್ಲ ಅಕ್ಕ. ದಕ್ಷಿಣ ಕ್ಯಾರಲೈನಾದ ಕರ್ನಲ್ ಮಾರ್ಡಂಟ್ ಎಂಬವರು ನನ್ನ ಪಕ್ಕದ ಕುರ್ಚಿ. ಭತ್ತದ ಗದ್ದೆಗಳ ಒಡೆಯರು. ಅಷ್ಟು ಮೆಲುಮಾತಿನ ಮನುಷ್ಯನನ್ನು ನಮ್ಮ ಚರ್ಚಿನಲ್ಲೂ ಕಂಡಿಲ್ಲ. ಸಭೆಯಲ್ಲಿ ನನ್ನ ಮಾತನ್ನು ತುಂಡು ತುಂಡು ಮಾಡಿದ ದಿನವೇ ನನ್ನ ಕೆಮ್ಮಿಗೆ ತಮ್ಮ ಔಷಧಿ ಕೊಟ್ಟರು.

ಈ ಮನೆಗೆ ಒಂದು ಚಂದದ ಪದ್ಧತಿಯಿದೆ. ಯಾರಿಗೆ ಮನೆಯಿಂದ ಪತ್ರ ಬಂದರೂ ಬೆಳಗಿನ ತಿಂಡಿಯ ಹೊತ್ತಿಗೆ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಮನೆಯಿಂದ ದೂರ ಇರುವವರಿಗೆ ಅದೇ ಹಬ್ಬ. ನಿನ್ನ ಪತ್ರಕ್ಕೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಮೀನಿನ ಮುಳ್ಳಿನ ಮಾತನ್ನು ಎರಡು ಸಲ ಓದಿಸಿದರು. ನಿನ್ನ ಮುಂದಿನ ಪತ್ರಕ್ಕೆ ಎಂಟೂ ಜನ ಕಾಯುತ್ತಿದ್ದೇವೆ, ಹಾಗಾಗಿ ಕೈ ಬಿಗಿಹಿಡಿಯದೆ ಬರೆ.

ಬುಟ್ಟಿಯಲ್ಲಿ ಈಗ ರೊಟ್ಟಿ ಇಡುತ್ತಾರೆ. ಕರ್ನಲ್ ಮೊದಲ ದಿನವೇ ರೊಟ್ಟಿಯನ್ನೆಲ್ಲ ತಟ್ಟೆಗೆ ಸುರಿದು, ಬುಟ್ಟಿಯನ್ನು ತಿರುಗಿಸಿ ಬಹಳ ಹೊತ್ತು ನೋಡಿದರು. ಅವರ ಕಡೆ ಭತ್ತ ಕೇರುವ ಮೊರವನ್ನು ಹೀಗೇ ಹೊಲಿಯುತ್ತಾರಂತೆ. ತಳದಲ್ಲಿ ಸುರುಳಿ ಶುರುವಾಗುವ ಗಂಟಿನ ಮೇಲೆ ಬೆರಳಿಟ್ಟು, "ಬೇರೆಯೋರೆಲ್ಲ ಬಲಕ್ಕೆ ಸುತ್ತಾರೆ, ಥರ್ಲೋ ಅವರೇ. ಇದು ಎಡಕ್ಕೆ ಸುತ್ತಿದೆ. ಇದನ್ನ ಹೆಣೆದೋಳು ಎಡಗೈಯವಳೇನೋ, ನಿಮ್ಮ ಅಕ್ಕನ್ನ ಕೇಳ್ತೀರಾ?" ಅಂದರು. ಎಷ್ಟು ವಯಸ್ಸು, ಮಕ್ಕಳಿವೆಯೇ ಎಂದೂ ಕೇಳಿದರು. ಕೈಕೆಲಸದ ಮೇಲೆ ಅಷ್ಟು ಪ್ರೀತಿ. ತಾಮಾರಳಿಗೆ ಹೇಳು, ಅವಳ ಕೀರ್ತಿ ರಾಜಧಾನಿಗೆ ಮುಟ್ಟಿದೆ.

ಮಿಸೌರಿಯ ವಿಷಯದಲ್ಲಿ ಹಗಲೆಲ್ಲ ಜಗಳ. ಮಿಸೌರಿಗೆ ಒಪ್ಪದಿದ್ದರೆ ಮೇನ್‌ಗೂ ಇಲ್ಲ ಎನ್ನುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದೊಂದು ದಾರಿ ಹುಡುಕುತ್ತಿದ್ದೇವೆ.

ಅಸಾಹೆಲ್


ಹ್ಯಾಲೆಟ್ ಬಂದರು
೧೯ ಜನವರಿ ೧೮೨೦

ಪ್ರೀತಿಯ ತಮ್ಮನಿಗೆ,

ಮನೆಯ ಪತ್ರವನ್ನು ಎಂಟು ಜನರ ಮುಂದೆ ಓದಿದೆ ಎಂದು ಕೇಳಿ ಮೊದಲು ಸಿಟ್ಟು ಬಂತು, ಆಮೇಲೆ ಕೈ ತಾನಾಗಿ ಒಳ್ಳೆಯ ಕಾಗದ ಹುಡುಕಿತು. ನಿಜ ಹೇಳುವುದಕ್ಕೆ ನನಗೇನು ನಾಚಿಕೆ? ಅರವತ್ತರ ಹತ್ತಿರ ಬಂದ ವಿಧವೆಯ ಮಾತಿಗೆ ಈ ಊರಿನಲ್ಲಿ ಬೆಕ್ಕೂ ತಲೆಯೆತ್ತುವುದಿಲ್ಲ.

ನಿನ್ನ ಕರ್ನಲ್‌ಗೆ ನನ್ನ ವಂದನೆ ತಿಳಿಸು, ಅವರ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ಹೌದು, ತಾಮಾರ ಎಡಗೈಯವಳು, ಮೂವತ್ತರ ಆಸುಪಾಸು, ಬಲ ಮುಂಗೈ ಮೇಲೆ ಹಳೆಯ ಸುಟ್ಟ ಕಲೆ. ಮಗು ಮಿಲ್ಕಾ, ಎರಡು ವರ್ಷ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ದೇವರು ಇನ್ನೊಂದನ್ನು ಮರೆತನೇನೋ ಎಂಬ ಹಾಗೆ. ಅವಳನ್ನು ನಗಿಸುವುದೇ ಈ ಚಳಿಗಾಲದಲ್ಲಿ ನನ್ನ ಉದ್ಯೋಗ.

ನಿನ್ನ ಪತ್ರವನ್ನು ಎಂದಿನಂತೆ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹಿಟ್ಟು ನಾದುತ್ತಿದ್ದ ತಾಮಾರಳ ಕೈ ನಿಂತಿತು. ಕೇಳುತ್ತಿರುವವರು ಯಾರು, ಯಾವ ಕಡೆಯವರು ಅಂದಳು. ಕ್ಯಾರಲೈನಾದ ಕರ್ನಲ್ ಮಾರ್ಡಂಟ್ ಅಂದೆ. ಹೆಸರನ್ನು ಇನ್ನೊಂದು ಸಲ ಹೇಳಿಸಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದು, "ಅಮ್ಮೋರೆ, ಏನೂ ಬರೀಬೇಡಿ," ಅಂದಳು. ಹೊಗಳಿಕೆ ಕಂಡರೆ ಮುದುಡುವ ಸ್ವಭಾವ ಅವಳದು. ಅವಳು ಬೇಡವೆಂದಳು ಎಂದು ನಾನು ಬರೆಯದಿದ್ದರೆ ಲೋಕಕ್ಕೆ ಅವಳ ಗುಣ ತಿಳಿಯುವುದು ಹೇಗೆ?

ಅವತ್ತಿನಿಂದ ಅವಳಿಗೆ ಮೈ ಸರಿಯಿಲ್ಲ. ಊಟ ಸೇರುತ್ತಿಲ್ಲ. ಚಳಿ ಈ ಸಲ ಯಾರನ್ನೂ ಬಿಟ್ಟಿಲ್ಲ.

ನೀನು ಹಾವು ಕೋಲು ಎಂದೆಲ್ಲ ಬರೆದದ್ದು ನನಗೆ ಹಿಡಿಸಲಿಲ್ಲ. ಊರು ನಿನಗೆ ಹೇಳಿ ಕಳಿಸಿದ್ದರಲ್ಲಿ ಎರಡು ಅರ್ಥವಿಲ್ಲ.

ಪರ್ಸಿಸ್


ವಾಷಿಂಗ್ಟನ್
೩ ಫೆಬ್ರವರಿ ೧೮೨೦

ಅಕ್ಕನಿಗೆ,

ನಾಲ್ಕೇ ಸಾಲು, ಸಭೆಗೆ ಹೊತ್ತಾಯಿತು. ಬೆಕ್ಕಿನ ಮಾತಿಗೆ ಮನೆಯೆಲ್ಲ ನಕ್ಕಿತು. ಕರ್ನಲ್ ಮಾತ್ರ ನಗದೆ ಕಿವಿಗೊಟ್ಟು ಕೇಳಿದರು. ಓದಿ ಮುಗಿದ ಮೇಲೆ ಪತ್ರವನ್ನು ಒಂದು ಗಂಟೆ ಎರವಲು ಕೊಡುತ್ತೀರಾ ಅಂದರು. ಮಗುವಿನ ಕೆನ್ನೆಯ ಗುಳಿಯ ಬಗ್ಗೆ ಬರೆದದ್ದು ಅವರಿಗೆ ಎಷ್ಟು ಹಿಡಿಸಿತೆಂದರೆ, ಮನೆಗೆ ಬರೆಯುವ ಪತ್ರದಲ್ಲಿ ಸೇರಿಸಲು ಆ ಭಾಗವನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡರು. ನಿನ್ನ ಬರವಣಿಗೆ ಈಗ ಕ್ಯಾರಲೈನಾದಲ್ಲೂ ಓದಿಸಿಕೊಳ್ಳುತ್ತಿದೆ.

ಬುಟ್ಟಿಯನ್ನು ತಮ್ಮ ಕೋಣೆಯಲ್ಲಿಟ್ಟುಕೊಳ್ಳಲು ಕೇಳಿದರು, ಕೊಟ್ಟೆ. ತಾಮಾರಳಿಗೆ ಇನ್ನೊಂದು ಹೆಣೆಯಲು ಹೇಳು.

ಇಲ್ಲಿ ಒಂದು ರಾಜಿಯ ಮಾತು ಹುಟ್ಟಿದೆ. ಭೂಪಟದ ಮೇಲೆ ಅಡ್ಡಲಾಗಿ ಒಂದು ಗೆರೆ. ಗೆರೆಯ ಕೆಳಗೆ ಗುಲಾಮರಿರಲಿ, ಮೇಲಿನ ಹೊಸ ನೆಲದಲ್ಲಿ ಬೇಡ, ಮಿಸೌರಿಗೆ ಮಾತ್ರ ವಿನಾಯಿತಿ. ಬದಲಿಗೆ ನಮಗೆ ಮೇನ್. ಕೊನೆಯಲ್ಲಿ ಒಂದು ಸಣ್ಣ ಸಾಲು: ಗೆರೆಯ ಮೇಲಕ್ಕೆ ಓಡಿಹೋದವರನ್ನು ಒಡೆಯರು ಹಿಡಿದು ತರಬಹುದು. ಅದು ಹಳೆಯ ಕಾನೂನೇ, ಹೊಸದೇನಲ್ಲ. ನಾನಂತೂ ಊರಿನ ಮಾತಿಗೆ ಬದ್ಧ, ಚಿಂತೆ ಬೇಡ.

ಅಸಾಹೆಲ್


ಹ್ಯಾಲೆಟ್ ಬಂದರು
೧೫ ಫೆಬ್ರವರಿ ೧೮೨೦

ಅಸಾಹೆಲ್,

ಇದನ್ನು ಒಬ್ಬನೇ ಓದು. ಮೇಜಿನ ಮುಂದೆ ಬೇಡ. ಓದಿ ಒಲೆಗೆ ಹಾಕು.

ನಿನ್ನ ಪತ್ರ ಬಂದ ದಿನ ತಾಮಾರ ಕೂಡಿಟ್ಟಿದ್ದ ಹುಲ್ಲನ್ನೆಲ್ಲ ಒಲೆಗೆ ತುಂಬಿದಳು. ಅರ್ಧ ಹೊಲಿದ ಎರಡು ಬುಟ್ಟಿಗಳನ್ನೂ. ಏನು ಹುಚ್ಚು ಇದು ಎಂದು ಗದರಿದೆ. ಕುರ್ಚಿಯ ಮೇಲೆ ಕೂತಳು, ನನ್ನ ಮುಂದೆ ಅವಳು ಎಂದೂ ಕೂತವಳಲ್ಲ. ಕೂತು ಎಲ್ಲವನ್ನೂ ಹೇಳಿದಳು.

ಅವಳು ಬಾಸ್ಟನ್ನಿನವಳಲ್ಲ. ಆ ಕರ್ನಲ್‌ನ ಮನೆತನದ ಭತ್ತದ ಗದ್ದೆಯಲ್ಲಿ ಹುಟ್ಟಿದವಳು. ನಾಲ್ಕು ವರ್ಷದ ಹಿಂದೆ ಜೇರೆಡ್ ಅವಳನ್ನು ಚಾರ್ಲ್ಸ್‌ಟನ್ ಬಂದರಿನಿಂದ ಖಾಲಿ ಉಪ್ಪಿನ ಪೀಪಾಯಿಗಳ ನಡುವೆ ಅಡಗಿಸಿ ತಂದ. ಅವಳ ತಾಯಿ ಎಡಗೈಯವಳು, ಅಜ್ಜಿಯೂ ಎಡಗೈಯವಳು. ಆ ಗದ್ದೆಗಳಲ್ಲಿ ಮೊರ ತಿರುಗಿಸಿ ನೋಡಿದರೆ ಇದು ಯಾರ ಮನೆಯದು ಎಂದು ಮಕ್ಕಳೂ ಹೇಳುತ್ತಾರಂತೆ. "ಹೆಸರು ಬದಲಾಯಿಸ್ಬೋದಿತ್ತು ಅಮ್ಮೋರೆ, ಬದಲಾಯಿಸ್ಲಿಲ್ಲ. ಗಂಟು ಬದಲಾಯಿಸ್ಬೋದಿತ್ತು, ಕೈ ಕೇಳ್ಲಿಲ್ಲ. ಅದು ನಮ್ಮವ್ವ ಹೇಳಿಕೊಟ್ಟಿದ್ದು," ಅಂದಳು.

ತಮ್ಮ, ಅವಳು ಬೇಡ ಬೇಡವೆಂದರೂ ಬರೆದವಳು ನಾನು. ಎಂಟು ಜನ ನಕ್ಕರು ಎಂದು ಉಬ್ಬಿ ಬರೆದೆ. ಈ ಕೈಗೆ ಅವತ್ತೇ ಬೆಂಕಿ ಬಿದ್ದಿದ್ದರೆ ಚೆನ್ನಾಗಿತ್ತು. ಮೂರು ವರ್ಷ ನನ್ನ ಮನೆಯಲ್ಲಿದ್ದು ಅವಳು ನನಗೆ ನಿಜ ಹೇಳಲಿಲ್ಲ ಎಂದು ಮೊದಲು ನೋವಾಯಿತು, ಆಮೇಲೆ ಹೇಳದೆ ಇದ್ದದ್ದೇ ಸರಿ ಅನ್ನಿಸಿತು.

ತಾಯಿ ಗುಲಾಮಳಾದರೆ ಮಗುವೂ ಒಡೆಯನದೇ ಎಂದು ಅವರ ಕಾನೂನಂತೆ. ಈ ಮನೆಯಲ್ಲಿ ಹುಟ್ಟಿ ನಮ್ಮ ಚರ್ಚಿನಲ್ಲಿ ದೀಕ್ಷೆ ಪಡೆದ ಮಿಲ್ಕಾ ಕೂಡ.

ಕೊಲ್ಲಿ ಹೆಪ್ಪುಗಟ್ಟಿದೆ. ರಸ್ತೆಯಲ್ಲಿ ಎದೆಮಟ್ಟ ಹಿಮ. ಹಿಮ ಒಡೆದ ಕೂಡಲೆ, ಮಾರ್ಚ್ ಹನ್ನೆರಡರ ಸುಮಾರಿಗೆ ಪೆಟೆಂಗಿಲ್ ಸೇಂಟ್ ಜಾನ್‌ಗೆ ಹೊರಡುತ್ತಾನೆ. ಅದು ಬ್ರಿಟಿಷರ ನೆಲ, ಅಲ್ಲಿ ಇವರ ಕಾಗದ ನಡೆಯುವುದಿಲ್ಲ. ಅವನ ಹೆಂಡತಿಯೂ ಹಡಗಿನಲ್ಲಿ ಹೋಗುತ್ತಾಳೆ. ತಾಯಿ ಮಗು ಇಬ್ಬರನ್ನೂ ಕಳಿಸುತ್ತೇನೆ.

ಒಂದು ಮಾತು ಬೇಗ ಬರೆ. ಆ ಕರ್ನಲ್‌ಗೆ ತಿಳಿದಿದೆಯೇ?

ಪರ್ಸಿಸ್


ಹ್ಯಾಲೆಟ್ ಬಂದರು
೨೯ ಫೆಬ್ರವರಿ ೧೮೨೦

ಅಸಾಹೆಲ್,

ನಿನ್ನಿಂದ ಏನೂ ಬಂದಿಲ್ಲ. ಹಿಮದ ಮೇಲೆ ಎಳೆಯುವ ಅಂಚೆಯ ಜಾರುಬಂಡಿ ಮೂರು ಸಲ ಬಂದು ಹೋಯಿತು. ತಾಮಾರ ಪ್ರತಿ ಸಲವೂ ಬಾಗಿಲ ಹಿಂದೆ ನಿಂತಿರುತ್ತಾಳೆ. ನಾನು ಇಲ್ಲವೆಂದು ತಲೆಯಾಡಿಸಿದರೆ ಒಳಗೆ ಹೋಗುತ್ತಾಳೆ. ಮಗುವಿಗೆ ಅಪರಿಚಿತರ ಮುಂದೆ ನಗಬಾರದೆಂದು ಕಲಿಸುತ್ತಿದ್ದಾಳೆ. ಅದು ಆಟವೆಂದುಕೊಂಡು ಇನ್ನೂ ನಗುತ್ತದೆ.

ಪರ್ಸಿಸ್


ವಾಷಿಂಗ್ಟನ್
೩ ಮಾರ್ಚ್ ೧೮೨೦

ಅಕ್ಕನಿಗೆ,

ಮೊದಲು ಒಳ್ಳೆಯ ಸುದ್ದಿ, ಉಸಿರು ಬಿಡು. ತಾಮಾರಳಿಗೆ ಇನ್ನು ಭಯವಿಲ್ಲ. ಅವಳು ಎಲ್ಲಿಗೂ ಹೋಗಬೇಕಾಗಿಲ್ಲ. ಇದನ್ನು ಅವಳಿಗೆ ಓದಿ ಹೇಳು.

ನಿನ್ನ ಪತ್ರ ನನಗೆ ಇಪ್ಪತ್ತಾರಕ್ಕೆ ಸಿಕ್ಕಿತು. ಎರಡು ದಿನ ಕರ್ನಲ್ ಪಕ್ಕದಲ್ಲೇ ಕೂತು ತಿಂದೆ. ಮೂರನೆಯ ದಿನ ಅವರ ಕೋಣೆಗೆ ಹೋದೆ. ಬುಟ್ಟಿ ಕಿಟಕಿಯ ಬಳಿ ಬೋರಲಾಗಿ ಇತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಅವರು, ತಾವು ಮೊದಲ ದಿನದಿಂದ ಬಲ್ಲೆವೆಂದರು. ಸಿಟ್ಟಿಲ್ಲ, ಜಂಬವಿಲ್ಲ, ಕುರ್ಚಿ ಕೊಟ್ಟು ಕೂರಿಸಿದರು.

ಮಿಸೌರಿಯ ಮತ ಗುರುವಾರಕ್ಕಿತ್ತು. ಅವರು ನನ್ನಿಂದ ಮತ ಕೇಳಲಿಲ್ಲ, ಅಕ್ಕ. ಹಾಗೆ ಕೇಳಿದ್ದರೆ ಎದ್ದು ಬರುತ್ತಿದ್ದೆ. "ನಿಮ್ಮೂರಿನ ಮಾತು ಮುರೀಬೇಡಿ, ಥರ್ಲೋ ಅವರೇ. ನಿಮಗೆ ಕೆಮ್ಮಿದೆ, ಚಳಿ ಇದೆ. ಗುರುವಾರ ಒಂದಿನ ಹಾಸಿಗೇಲಿರಿ, ಅಷ್ಟೇ. ನನ್ನ ಕೈ ಆ ಹೆಂಗಸಿನ ಮೇಲೆ ಬೀಳಲ್ಲ. ಇದು ನನ್ನ ಮಾತು," ಅಂದರು. ಕೈ ಚಾಚಿದರು. ನಾನು ಹಿಡಿದೆ.

ನಿನ್ನೆ ಹಾಸಿಗೆಯಲ್ಲೇ ಇದ್ದೆ. ಅವರೇ ಬಿಸಿ ಸಾರು ಕಳಿಸಿದರು. ತೊಂಬತ್ತಕ್ಕೆ ಎಂಬತ್ತೇಳು ಮತ, ಮಿಸೌರಿ ಗುಲಾಮರೊಂದಿಗೆ ಒಳಬಂತು. ಮೂರು ಮತದ ಅಂತರ. ನಾನೊಬ್ಬ ಹೋಗಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ನನ್ನ ಹಾಗೆ ಹಾಸಿಗೆಯಲ್ಲಿ ಮಲಗಿ ಇದೇ ಲೆಕ್ಕ ಹಾಕಿದವರು ಇನ್ನೆಷ್ಟು ಜನವೋ ಅನ್ನಿಸಿತು. ಆ ಯೋಚನೆಯನ್ನು ಮುಂದುವರಿಸಲಿಲ್ಲ.

ನನ್ನನ್ನು ಹಳಿಯುವ ಮುಂಚೆ ಮಿಲ್ಕಾಳ ಮುಖ ನೋಡು. ಹೆಸರಿಲ್ಲದ ಸಾವಿರ ಜನರನ್ನು ನಾನು ಉಳಿಸಲಾರೆ. ಹೆಸರಿರುವ ಇಬ್ಬರನ್ನು ಉಳಿಸಿದ್ದೇನೆ. ಮೇನ್ ಕೂಡ ರಾಜ್ಯವಾಗುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಊರಿಗೆ ನನಗೆ ಜ್ವರವಿತ್ತೆಂದು ಹೇಳು. ಜ್ವರವಿದ್ದದ್ದು ಸುಳ್ಳೂ ಅಲ್ಲ.

ಅಸಾಹೆಲ್


ಹ್ಯಾಲೆಟ್ ಬಂದರು
೧೩ ಮಾರ್ಚ್ ೧೮೨೦

ತಮ್ಮ,

ನಿನ್ನ ಪತ್ರ ಮೊನ್ನೆ ಬಂತು. ತಾಮಾರಳ ಗಂಟುಮೂಟೆ ಕಟ್ಟಿ ಬಾಗಿಲ ಬಳಿ ಇತ್ತು. ಕೊಲ್ಲಿಯ ಹಿಮ ಒಡೆದು ಪೆಟೆಂಗಿಲ್ ಹಾಯಿ ಸರಿಮಾಡುತ್ತಿದ್ದ. ಮರುದಿನ ಬೆಳಿಗ್ಗೆ ಹೊರಡುವುದಿತ್ತು.

ಓದುವಾಗ ಮೊದಲ ಸಾಲಿಗೇ ನಾನು ಅತ್ತುಬಿಟ್ಟೆ. ಹಾಸಿಗೆಯ ವಿಷಯಕ್ಕೆ ಬಂದಾಗ ಆ ಕಣ್ಣೀರು ಬೇರೆಯಾಯಿತು. ನೀನು ಮಾಡಿದ್ದು ತಪ್ಪು, ಅಸಾಹೆಲ್. ಊರು ನಿನ್ನನ್ನು ನಿಲ್ಲಲು ಕಳಿಸಿತ್ತು. ಆದರೂ ಮಿಲ್ಕಾ ನನ್ನ ತೊಡೆಯ ಮೇಲಿದ್ದಳು, ನಿನ್ನನ್ನು ಬೈಯಲು ನಾಲಗೆ ಏಳಲಿಲ್ಲ. ಡೀಕನ್ ಕ್ರಾಕೆಟ್ ಕೇಳಿದಾಗ ನಿನಗೆ ಜ್ವರವಿತ್ತೆಂದೇ ಹೇಳಿದೆ.

ತಾಮಾರ ಪತ್ರವನ್ನು ಎರಡು ಸಲ ಓದಿಸಿದಳು. "ಮಾತು ಕೊಟ್ಟಿರೋದು ನಿಮ್ಮ ತಮ್ಮನಿಗೆ ಅಮ್ಮೋರೆ. ನಂಗಲ್ಲ," ಅಂದಳು. ನನಗೆ ಸಿಟ್ಟು ಬಂತು. ಒಬ್ಬ ದೊಡ್ಡ ಮನುಷ್ಯ ಇನ್ನೊಬ್ಬನ ಕೈ ಹಿಡಿದು ಕೊಟ್ಟ ಮಾತು, ಅದಕ್ಕಾಗಿ ನನ್ನ ತಮ್ಮ ತನ್ನ ಹೆಸರನ್ನೇ ಒತ್ತೆಯಿಟ್ಟಿದ್ದಾನೆ, ಇಷ್ಟಾದ ಮೇಲೂ ಅನುಮಾನವೇ ಅಂದೆ. ಜೇರೆಡ್ ಏಪ್ರಿಲ್‌ನಲ್ಲಿ ಬಂದು ಖಾಲಿ ಕೋಣೆ ನೋಡಿದರೆ ಎಲ್ಲಿ ಹುಡುಕಬೇಕು ಎಂದೂ ಕೇಳಿದೆ. ಅವಳನ್ನು ತಡೆದದ್ದು ಕೊನೆಗೆ ಆ ಮಾತೇ ಇರಬೇಕು. ಮೂಟೆಯನ್ನು ಬಿಚ್ಚಿದಳು.

ಆದರೆ ಅದರಲ್ಲಿದ್ದ ಮಗುವಿನ ಬಟ್ಟೆಯನ್ನು ಬಿಚ್ಚಲಿಲ್ಲ. ನಿನ್ನೆ ಬೆಳಿಗ್ಗೆ ಮಿಲ್ಕಾಳನ್ನು ಪೆಟೆಂಗಿಲ್‌ನ ಹೆಂಡತಿಯ ಕೈಗೆ ಕೊಟ್ಟು ಸೇಂಟ್ ಜಾನ್‌ಗೆ ಕಳಿಸಿದಳು. ಜೇರೆಡ್ ಬಂದ ಮೇಲೆ ಇಬ್ಬರೂ ಅಲ್ಲಿಗೇ ಹೋಗುವುದಂತೆ. ಹಡಗು ಕಣ್ಣಿಗೆ ಮರೆಯಾಗುವ ತನಕ ಕಟ್ಟೆಯ ಮೇಲೆ ನಿಂತಿದ್ದು, ಬಂದು ರೊಟ್ಟಿಗೆ ಹಿಟ್ಟು ಕಲಸಿದಳು. ಮನೆ ಭಣಗುಟ್ಟುತ್ತಿದೆ. ಅವಳ ಮೇಲೆ ನನಗೆ ಇನ್ನೂ ಮುನಿಸಿದೆ, ಆದರೆ ಹೋಗಲಿ, ತಿಂಗಳ ಮಾತು ಅಷ್ಟೇ.

ನಾಡಿದ್ದು ಮೇನ್ ರಾಜ್ಯವಾಗುವ ದಿನ. ಗಂಟೆ ಬಾರಿಸುತ್ತಾರೆ.

ಪರ್ಸಿಸ್


ವಾಷಿಂಗ್ಟನ್
೧೭ ಮಾರ್ಚ್ ೧೮೨೦

ಅಕ್ಕ,

ಓದಿದ ಕ್ಷಣವೇ ಅವರಿಬ್ಬರನ್ನೂ ಕಳಿಸು. ಹಡಗಿಲ್ಲದಿದ್ದರೆ ದೋಣಿ, ದೋಣಿಯಿಲ್ಲದಿದ್ದರೆ ನಡೆಸಿಕೊಂಡು.

ಕರ್ನಲ್ ಇವತ್ತು ಊರಿಗೆ ಹೊರಟರು. ಮೆಟ್ಟಿಲ ಬಳಿ ಬುಟ್ಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. ನಾನು ಕೃತಜ್ಞತೆ ಹೇಳಿ, ಅವರ ಮಾತನ್ನು ನೆನಪಿಸಿದೆ. "ನಾನು ಮಾತಿಗೆ ತಪ್ಪೋನಲ್ಲ. ನನ್ನ ಕೈ ಬೀಳಲ್ಲ ಅಂದೆ, ಬಿದ್ದಿಲ್ಲ. ಆದರೆ ನಮ್ಮ ಗದ್ದೇಲಿ ಹುಟ್ಟಿದ್ರೂ ಅವಳೀಗ ನನ್ನ ಸ್ವತ್ತಲ್ಲ, ಥರ್ಲೋ ಅವರೇ. ನನ್ನ ಹೆಂಡತಿಯ ಅಣ್ಣನದು. ಅವರ ಪರವಾಗಿ ನಾನು ಹೇಗೆ ಮಾತು ಕೊಡ್ಲಿ?" ಅಂದರು. ಟೋಪಿ ತೆಗೆದು ವಂದಿಸಿ ಗಾಡಿ ಹತ್ತಿದರು. ಮುಖದಲ್ಲಿ ನಗುವೂ ಇರಲಿಲ್ಲ.

ನಾನು ಏನು ಮಾಡಿಬಿಟ್ಟೆ, ಅಕ್ಕ. ಉತ್ತರ ಬರೆ. ಒಂದೇ ಸಾಲು ಸಾಕು.

ಅಸಾಹೆಲ್


ಹ್ಯಾಲೆಟ್ ಬಂದರು, ಮೇನ್ ರಾಜ್ಯ
೨೭ ಮಾರ್ಚ್ ೧೮೨೦

ಅಸಾಹೆಲ್,

ನಿನ್ನ ಪತ್ರ ನಿನ್ನೆ ತಲುಪಿತು. ನೀನು ಅದನ್ನು ಬರೆಯುವ ಎರಡು ದಿನ ಮುಂಚೆಯೇ ಎಲ್ಲ ಮುಗಿದಿತ್ತು.

ಹದಿನೈದನೆಯ ತಾರೀಖು, ಊರೆಲ್ಲ ಚರ್ಚಿನಲ್ಲಿತ್ತು, ನಾವಿಬ್ಬರೇ ಮನೆಯಲ್ಲಿ. ಗಂಟೆ ಬಾರಿಸುತ್ತಿದ್ದರು, ಕಟ್ಟೆಯ ಮೇಲೆ ಹಳೆಯ ತೋಪು ಹಾರಿಸಿದರು. ಆ ಗದ್ದಲದಲ್ಲಿ ಜಾರುಬಂಡಿ ಬಂದದ್ದು ನಮಗೆ ಕೇಳಲಿಲ್ಲ. ಹೊರಗಿನವರು ಇಬ್ಬರು, ಅವರ ಜೊತೆ ನಮ್ಮ ಡೀಕನ್ ಕ್ರಾಕೆಟ್. ಊರಿನ ನ್ಯಾಯಾಧಿಕಾರಿ ಅವನೇ ಆದ್ದರಿಂದ ಅವರು ತಂದ ಕಾಗದವನ್ನು ಅವನೇ ಓದಬೇಕಿತ್ತು. ಮೀನಿನ ಮುಳ್ಳಿನ ಮಾತಾಡಿದ ಮನುಷ್ಯ ಅವತ್ತು ತಗ್ಗಿದ ದನಿಯಲ್ಲಿ ಓದಿದ. ಚಾರ್ಲ್ಸ್‌ಟನ್ನಿನಲ್ಲಿ ಆಣೆ ಮಾಡಿ ಬರೆಸಿದ ಕಾಗದ. ತಾರೀಖು ಫೆಬ್ರವರಿ ಹದಿನಾಲ್ಕು. ನೀನು ಆ ಮನುಷ್ಯನ ಕೈ ಹಿಡಿಯುವುದಕ್ಕೆ ಎರಡು ವಾರ ಮುಂಚಿನದು.

"ಎಡಗೈಯವಳು, ಮೂವತ್ತರ ಆಸುಪಾಸು, ಬಲ ಮುಂಗೈ ಮೇಲೆ ಹಳೆಯ ಸುಟ್ಟ ಕಲೆ." ಡೀಕನ್ ಓದುತ್ತಿದ್ದ. ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. "ಮಗು ಮಿಲ್ಕಾ, ಎರಡು ವರ್ಷ, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ." ಅದು ನನ್ನ ವಾಕ್ಯ, ಅಸಾಹೆಲ್. ನಾನು ಒಳ್ಳೆಯ ಕಾಗದ ಹುಡುಕಿ ಬರೆದದ್ದು. ದೇವರು ಇನ್ನೊಂದು ಗುಳಿಯನ್ನು ಮರೆತ ಮಾತನ್ನು ಮಾತ್ರ ಬಿಟ್ಟಿದ್ದರು.

ಮಗು ಎಲ್ಲಿ ಎಂದು ಮಂಚದ ಕೆಳಗೆ, ಹಿಟ್ಟಿನ ಪೀಪಾಯಿಯಲ್ಲಿ, ನನ್ನ ಗಂಡನ ಹಳೆಯ ಪೆಟ್ಟಿಗೆಯಲ್ಲಿ ಹುಡುಕಿದರು. ತಾಮಾರ ಬಾಯಿ ಬಿಡಲಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ, ಕೂಗಿದೆ. ಗಂಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅವಳನ್ನು ಕರೆದೊಯ್ಯುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಜೇರೆಡ್ ಬಂದ್ರೆ ಮಗು ಎಲ್ಲಿದೆ ಅಂತ ಮೊದ್ಲು ಹೇಳಿ. ನನ್ನ ವಿಷ್ಯ ಆಮೇಲ್ ಹೇಳಿ," ಅಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇವತ್ತು ಸ್ವಲ್ಪ ಊಟ ಸೇರುತ್ತಿತ್ತೇನೋ.

ಅವಳು ನಿನ್ನ ಮಾತನ್ನು ಅರ್ಧ ನಂಬಿದ್ದಳು. ನಂಬಿದ ಅರ್ಧವನ್ನು ಅವರು ಒಯ್ದರು. ಪೂರ್ತಿ ನಂಬು ಎಂದು ಅವಳಿಗೆ ಜೋರು ಮಾಡಿದವಳು ನಾನು. ನೀನೊಬ್ಬನೇ ರಾಜಿಯಾದವನಲ್ಲ.

ನಾನು ಮುಂದಿನ ಹಡಗಿಗೆ ಸೇಂಟ್ ಜಾನ್‌ಗೆ ಹೋಗುತ್ತೇನೆ. ಜೇರೆಡ್ ಬರುವ ತನಕ ಮಿಲ್ಕಾಳ ಜೊತೆ ಇರುತ್ತೇನೆ, ಅವನು ಒಪ್ಪಿದರೆ ಆಮೇಲೂ. ಅವಳ ಬಗ್ಗೆ ಇನ್ನು ಯಾರಿಗೂ ಏನೂ ಬರೆಯುವುದಿಲ್ಲ, ನಿನಗೂ.

ಊರು ನಿನಗೆ ಮೇ ತಿಂಗಳಲ್ಲಿ ಔತಣ ಮಾಡುತ್ತದೆ. ರಾಜ್ಯ ತಂದವನೆಂದು. ಜ್ವರದ ಕತೆಯನ್ನು ಎಲ್ಲರೂ ನಂಬಿದ್ದಾರೆ, ನಾನು ಬಿಡಿಸಿ ಹೇಳಿಲ್ಲ; ಹೇಳುವುದು ನಿನ್ನ ಬಾಯಿಂದ ಆಗಬೇಕು. ಊರಿನ ಹೆಂಗಸರು ರೊಟ್ಟಿ ತರುತ್ತಾರೆ. ಹನ್ನೊಂದು ಮನೆಗಳಿಂದ ಹನ್ನೊಂದು ಬುಟ್ಟಿಗಳಲ್ಲಿ ಬರುತ್ತದೆ. ನಿನ್ನ ಮುಂದೆ ಇಟ್ಟಾಗ ರೊಟ್ಟಿಯನ್ನು ತಟ್ಟೆಗೆ ಸುರಿದು ಬುಟ್ಟಿಯನ್ನು ತಿರುಗಿಸಿ ನೋಡು. ಗಂಟು ಎಡಕ್ಕೆ ಸುತ್ತಿರುತ್ತದೆ.

ಪರ್ಸಿಸ್